ಚುಕ್ಕೆ ಉದುರಿದ ದಿನವೇ ಔಷಧಿ ನಿಲ್ಲಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಈಚೆಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯ ಯಾವ ದಿಕ್ಕಿಗೆ ಮೀನಿನ ತೊಟ್ಟಿ ಇಟ್ಟರೆ ಶುಭ ಎಂದು ಒಂದು ಬರಹ ಬಂದಿತ್ತು. ಈಶಾನ್ಯದಲ್ಲಿಡಿ, ಬಂಗಾರದ ಬಣ್ಣದವು ಎಂಟಿರಲಿ, ಕಪ್ಪಗಿನದು ಒಂದಿರಲಿ ಎಂದೆಲ್ಲ ಇತ್ತು. ಆ ಒಂಬತ್ತಕ್ಕೆ ಕಾಯಿಲೆ ಬಂದರೆ ಏನು ಮಾಡಬೇಕು ಎಂದು ಒಂದು ಸಾಲೂ ಇರಲಿಲ್ಲ. ನಮ್ಮ ಮನೆಯ ತೊಟ್ಟಿಯೂ ಈಶಾನ್ಯದಲ್ಲೇ ಇದೆ. ಶಾಸ್ತ್ರ ನೋಡಿ ಇಟ್ಟಿದ್ದಲ್ಲ, ಪ್ಲಗ್ ಪಾಯಿಂಟ್ ಅಲ್ಲಿತ್ತು. ಅಲ್ಲಿದ್ದೂ ಬಿಳಿ ಚುಕ್ಕೆ ರೋಗ ಬಂತು. ಒಂದು ವಾರದಲ್ಲಿ ಐದು ಮೀನು ಹೋದವು. ರೋಗ ಬಂದು ಸತ್ತವು ಅನ್ನುವುದಕ್ಕಿಂತ ನನ್ನ ಅವಸರಕ್ಕೆ ಸತ್ತವು ಅನ್ನುವುದೇ ಸರಿ. ಅದನ್ನು ಹೇಳಿಕೊಳ್ಳಲು ಈ ಪತ್ರ. ಉದ್ದವಾದರೆ ಕತ್ತರಿ ಹಾಕಿ, ಬೇಸರವಿಲ್ಲ. ಉಪ್ಪು, ನೀರು, ದಿನಗಳ ಲೆಕ್ಕ ಇರುವ ಜಾಗಕ್ಕೆ ಮಾತ್ರ ಕತ್ತರಿ ತಾಗಿಸಬೇಡಿ.

ನಾನು ಹಾಸನ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ 31 ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವನು. ಮಲೇರಿಯಾ ಜೋರಾಗಿದ್ದ ಕಾಲದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ರಕ್ತಲೇಪನ ನೋಡಿ ನೋಡಿ ಕಣ್ಣಿನ ಸುತ್ತ ಮೈಕ್ರೋಸ್ಕೋಪಿನ ಗುರುತೇ ಬಿದ್ದಿತ್ತು. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಎಂದು ಬಂದರೆ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಬೇಕು. ಜನ ನುಂಗುತ್ತಿರಲಿಲ್ಲ. ಮೂರನೇ ದಿನ ಜ್ವರ ಬಿಟ್ಟರೆ ಮಾತ್ರೆಯನ್ನೂ ಬಿಡುತ್ತಿದ್ದರು. ಲಿವರಿನಲ್ಲಿ ಅಡಗಿ ಕೂತ ಪರಾವಲಂಬಿ ಎರಡು ತಿಂಗಳಿಗೋ ಆರು ತಿಂಗಳಿಗೋ ಮತ್ತೆ ಎದ್ದು ಬರುತ್ತಿತ್ತು. ಅವರೇ ಮತ್ತೆ ನನ್ನ ಮುಂದೆ ಬೆರಳು ಚಾಚುತ್ತಿದ್ದರು. 'ಜ್ವರ ಬಿಟ್ಟಿತು ಅಂತ ಮಾತ್ರೆ ಬಿಡಬೇಡ್ರೀ' ಎಂದು ಎಷ್ಟು ಸಾವಿರ ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಕೊನೆಗೆ ನಾನೇ ಅದೇ ತಪ್ಪು ಮಾಡಿದೆ. ರೋಗಿ ಮಾತ್ರ ಮನುಷ್ಯ ಆಗಿರಲಿಲ್ಲ.

ಎರಡು ವರ್ಷದ ಹಿಂದೆ ಡಿಸೆಂಬರ್ ಕೊನೆ. ಕ್ರಿಸ್ಮಸ್ ರಜೆಗೆ ಬೆಂಗಳೂರಿನಿಂದ ಮಗಳು, ಅಳಿಯ, ಮೊಮ್ಮಗಳು ಬಂದರು. ಬರುತ್ತಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮೂರು ಕ್ಲೌನ್ ಲೋಚ್ ತಂದರು. ಹಳದಿ ಮೈಗೆ ಮೂರು ಕಪ್ಪು ಪಟ್ಟೆ, ಹುಲಿವೇಷದ ಮರಿಗಳ ಹಾಗೆ. ಇಂಡೋನೇಷ್ಯಾದ ಸುಮಾತ್ರಾ, ಬೋರ್ನಿಯೋ ಕಡೆಯ ನದಿಗಳ ಮೀನು. ಒಂದಡಿಯವರೆಗೆ ಬೆಳೆಯುತ್ತದೆ ಎಂದು ಅಂಗಡಿಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಅದು ಬೇರೆ ಕಥೆ. ನಮ್ಮದು ಎರಡಡಿ ತೊಟ್ಟಿ. ಆಗಲೇ ನಾಲ್ಕು ಕಪ್ಪು ಮಾಲಿ, ಎರಡು ಏಂಜೆಲ್, ಐದು ಟೆಟ್ರಾ, ಗಾಜು ನೆಕ್ಕುವ ಒಂದು ಸಕ್ಕರ್ ಇದ್ದವು. ಜಾಸ್ತಿಯೇ ಇದ್ದವು. ಮೊಮ್ಮಗಳ ಉತ್ಸಾಹಕ್ಕೆ ಕವರಿನ ಬಾಯಿ ಬಿಚ್ಚಿ ನೀರು ಸಮೇತ ಸುರಿದೆ. ಆಸ್ಪತ್ರೆಯಲ್ಲಿ ಸೀಲಿಲ್ಲದ ಸೂಜಿ ಮುಟ್ಟದವನು, ಯಾವುದೋ ಅಂಗಡಿಯ ನೀರನ್ನು ಮನೆಯ ತೊಟ್ಟಿಗೆ ಸುರಿದುಬಿಟ್ಟೆ.

ಎರಡನೇ ದಿನ ಲೋಚ್‌ಗಳು ಕಲ್ಲಿಗೆ ಮೈ ಉಜ್ಜತೊಡಗಿದವು. ಎಮ್ಮೆ ಕಂಬಕ್ಕೆ ಮೈ ತಿಕ್ಕುತ್ತದಲ್ಲ, ಹಾಗೆ. ಚಕ್ಕನೆ ಓರೆಯಾಗಿ ಬಂದು ಒಂದು ಸಲ ಉಜ್ಜಿ ಓಡುತ್ತಿದ್ದವು. ಆಟ ಆಡುತ್ತಿವೆ ಅಂದುಕೊಂಡೆವು. ರೋಗದ ಮೊದಲ ಗುರುತು ಅದೇ. ಚುಕ್ಕೆ ಕಾಣಿಸುವ ಮೊದಲೇ ಅದು ಶುರುವಾಗುತ್ತದೆ. ನಾಲ್ಕನೇ ದಿನ ಬೆಳಗ್ಗೆ ಮೊಮ್ಮಗಳು ಕೂಗಿದಳು. 'ತಾತ, ಮೀನಿಗೆ ರವೆ ಅಂಟ್ಕೊಂಡಿದೆ!'

ಅವಳ ಹೋಲಿಕೆಗಿಂತ ಒಳ್ಳೆಯದನ್ನು ನಾನು ಎಲ್ಲೂ ಓದಿಲ್ಲ. ಬಿಳಿ ಚುಕ್ಕೆ ರೋಗ ಅಂದರೆ ರವೆಯೇ. ಒಂದೊಂದೂ ಬಿಡಿಬಿಡಿ ಕಾಳು. ಎಲ್ಲ ಹೆಚ್ಚು ಕಡಿಮೆ ಒಂದೇ ಅಳತೆ, ದೊಡ್ಡದೆಂದರೆ ಒಂದು ಮಿಲಿಮೀಟರ್. ಮೈ, ರೆಕ್ಕೆ, ಬಾಲ ಎಲ್ಲೆಲ್ಲೂ. ಮುಟ್ಟಿದರೆ ಉದುರದು, ಏಕೆಂದರೆ ಅದು ಮೇಲೆ ಅಂಟಿದ್ದಲ್ಲ, ಚರ್ಮದ ಪದರದ ಕೆಳಗೆ ಕೂತದ್ದು.

ಅಂಗಡಿಗೆ ಫೋನ್ ಮಾಡಿದ್ದಾಯಿತು. 'ಏನಿಲ್ಲ ಸಾರ್, ವೈಟ್ ಸ್ಪಾಟು. ಚಳಿಗಾಲ ಅಲ್ವಾ, ಬರುತ್ತೆ. ನೀಲಿ ಔಷಧಿ ಐದೈದು ಹನಿ ಹಾಕಿ' ಎಂದರು. ಇಲ್ಲೇ ಹಾಸನದ ಒಂದು ಅಂಗಡಿಯಲ್ಲಿ ನೀಲಿ ಔಷಧಿ ಸಿಕ್ಕಿತು. ಚಿಕ್ಕ ಬಾಟಲಿ. ಹೆಸರಿಲ್ಲ, ಎಷ್ಟು ಗಾಢ ಎಂದಿಲ್ಲ, ಯಾವಾಗ ತಯಾರಾಯಿತು ಎಂದಿಲ್ಲ. ಬೆರಳಿಗೆ ಒಂದು ಹನಿ ತಾಗಿದ ಕೂಡಲೇ ನನಗೆ ಗುರುತು ಸಿಕ್ಕಿತು. ಮೆಥಿಲೀನ್ ಬ್ಲೂ. ಮಲೇರಿಯಾ ಸ್ಲೈಡಿಗೆ ನಾವು ಹಾಕುತ್ತಿದ್ದ ಜೆಎಸ್‌ಬಿ ಬಣ್ಣದಲ್ಲಿ ಇದೇ ನೀಲಿ ಇತ್ತು. ನನ್ನ ಅಷ್ಟೂ ಬಿಳಿ ಕೋಟುಗಳನ್ನು ಹಾಳು ಮಾಡಿದ್ದು ಇದೇ. ಒಂದು ಕಾಲದಲ್ಲಿ ಇದು ಮಲೇರಿಯಾಕ್ಕೆ ಔಷಧಿಯೂ ಆಗಿತ್ತು. 1891ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಎರ್ಲಿಶ್ ಮತ್ತು ಪಾಲ್ ಗುಟ್‌ಮನ್ ಇಬ್ಬರು ರೋಗಿಗಳಿಗೆ ಇದನ್ನೇ ಕೊಟ್ಟಿದ್ದರು. ಹಳೆಯ ಸ್ನೇಹಿತ ಸಿಕ್ಕ ಹಾಗಾಯಿತು. ಹಾಕಿದೆ.

ಮೂರು ದಿನ ಹಾಕಿದೆ. ನಾಲ್ಕನೇ ದಿನಕ್ಕೆ, ಅಂದರೆ ಜನವರಿ 1ಕ್ಕೆ, ಲೋಚ್‌ಗಳ ಮೈ ಫಳಫಳ. ಒಂದು ಚುಕ್ಕೆಯೂ ಇಲ್ಲ. ಹೊಸ ವರ್ಷದ ಉಡುಗೊರೆ ಎಂದು ಮನೆಯವರೆಲ್ಲ ಖುಷಿಪಟ್ಟೆವು. ನೀರು ಬದಲಿಸಿ, ಬಾಟಲಿಯ ಮುಚ್ಚಳ ತಿರುಗಿಸಿ ಕಪಾಟಿನಲ್ಲಿಟ್ಟೆ. ಮೊಮ್ಮಗಳು ಬೆಂಗಳೂರಿಗೆ ಹೋದಳು.

ಅದಾದ ಆರನೇ ದಿನ ಕಪ್ಪು ಮಾಲಿಗಳ ಮೈ ನೋಡಿ ಎದೆ ಧಸಕ್ಕೆಂದಿತು. ಕಪ್ಪು ಕಂಬಳಿಗೆ ರವೆಯ ಚೀಲ ಒಡೆದು ಸುರಿದ ಹಾಗಿತ್ತು. ಏಂಜೆಲ್‌ಗಳ ಮೈ ಮೇಲೆ ಚುಕ್ಕೆ ಅಷ್ಟಿರಲಿಲ್ಲ, ಆದರೆ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕಿವಿರಿನಲ್ಲಿ ತುಂಬಿಕೊಂಡಿತ್ತು. ಕಿವಿರಿನಲ್ಲೇ ಕೂತರೆ ಹೊರಗೆ ಏನೂ ಕಾಣದು. ಅದು ಎಲ್ಲಕ್ಕಿಂತ ಕೆಟ್ಟದ್ದು.

ಏನಾಗಿತ್ತು ಅಂದರೆ, ಚುಕ್ಕೆ ವಾಸಿಯಾಗಿ ಹೋಗಿರಲಿಲ್ಲ. ಹಣ್ಣಾಗಿ ಉದುರಿತ್ತು. ಅಷ್ಟೇ. ನಾನು ಔಷಧಿ ಹಾಕದಿದ್ದರೂ ಆ ಹೊತ್ತಿಗೆ ಉದುರುತ್ತಿತ್ತು.

ಈ ಪರಾವಲಂಬಿಯ ಹೆಸರು ಇಕ್ತಿಯಾಫ್ತೀರಿಯಸ್ ಮಲ್ಟಿಫಿಲಿಸ್. ಬಾಯಿ ತಿರುಗುವುದಿಲ್ಲ ಎಂದು ಎಲ್ಲರೂ ಇಕ್ ಅನ್ನುತ್ತಾರೆ. 1876ರಲ್ಲಿ ಫೂಕೆ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರು. ಮೀನಿನ ಹೇನು, ಬಹಳ ಮಕ್ಕಳುಳ್ಳದ್ದು ಎಂದು ಅರ್ಥ. ಹೆಸರಿನಲ್ಲೇ ಎಚ್ಚರಿಕೆ ಇದೆ. ಮೀನಿನ ಚರ್ಮದೊಳಗೆ ಕೂತು ತಿಂದು ದಪ್ಪಗಾಗುವುದು ಮೊದಲ ಹಂತ. ನಮ್ಮ ಕಣ್ಣಿಗೆ ಬೀಳುವ ಚುಕ್ಕೆ ಇದು. ಬೆಳೆದ ಮೇಲೆ ಚರ್ಮ ಹರಿದು ಹೊರಬಂದು ತಳಕ್ಕೆ ಇಳಿಯುತ್ತದೆ. ಕಲ್ಲಿಗೋ ಗಿಡದ ಎಲೆಗೋ ಫಿಲ್ಟರಿನ ಸ್ಪಂಜಿಗೋ ಅಂಟಿ ಸುತ್ತ ಒಂದು ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ದಿನಕ್ಕೆಲ್ಲ ಕೋಶ ಬಿರಿದು ನೂರಾರು ಮರಿಗಳು ಹೊರಬರುತ್ತವೆ. ಒಂದು ಚುಕ್ಕೆಯಿಂದ ಸಾವಿರದವರೆಗೂ ಆಗುವುದುಂಟು. ಮಲೇರಿಯಾದ ವೈವ್ಯಾಕ್ಸ್ ಒಂದು ಕೆಂಪು ರಕ್ತಕಣದಲ್ಲಿ ಹೆಚ್ಚೆಂದರೆ 24 ಮರಿ ಹಾಕುವುದನ್ನು ಕಂಡೇ ನಾನು ಬೆರಗಾಗಿದ್ದವನು. ಈ ಮರಿಗಳು ಈಜಿಕೊಂಡು ಎರಡು ದಿನದೊಳಗೆ ಒಂದು ಮೀನನ್ನು ಹಿಡಿಯಬೇಕು. ಸಿಗದಿದ್ದರೆ ಸಾಯುತ್ತವೆ.

ಔಷಧಿ ಕೆಲಸ ಮಾಡುವುದು ಈ ಈಜುವ ಮರಿಗಳ ಮೇಲೆ ಮಾತ್ರ. ಚರ್ಮದೊಳಗೆ ಕೂತದ್ದಕ್ಕೂ ಕೋಶದೊಳಗೆ ಕೂತದ್ದಕ್ಕೂ ತೊಟ್ಟಿಗೆ ಹಾಕಿದ ಔಷಧಿ ತಾಗುವುದಿಲ್ಲ. ಹಾಗಾಗಿ ಚುಕ್ಕೆ ಕಾಣುತ್ತಿರುವಾಗ ಹಾಕಿದ ಔಷಧಿ ಬಹುಪಾಲು ವ್ಯರ್ಥ. ಚುಕ್ಕೆ ಕಾಣದ ದಿನಗಳಲ್ಲೇ ಅದು ನೀರಿನಲ್ಲಿ ಇರಬೇಕಾದ್ದು. ನಾನು ಸರಿಯಾಗಿ ಅದೇ ದಿನ ತೆಗೆದುಬಿಟ್ಟಿದ್ದೆ. ಪ್ರೈಮಾಕ್ವಿನ್ ನುಂಗದೆ ನನ್ನ ಕೈಲಿ ಬೈಸಿಕೊಂಡ ಜನರೆಲ್ಲ ಕಣ್ಣ ಮುಂದೆ ಬಂದರು.

ಮೊದಲ ಏಂಜೆಲ್ ಸಾಯುತ್ತಿದ್ದಾಗ ಹೊರತೆಗೆದು ರೆಕ್ಕೆಯ ತುದಿಯನ್ನು ಸ್ವಲ್ಪ ಕೆರೆದು ಸ್ಲೈಡಿಗೆ ಹಾಕಿದೆ. ಪರಿಚಯದವರೊಬ್ಬರು ಲ್ಯಾಬ್ ಮುಚ್ಚಿದಾಗ ಕೊಂಡ ಒಂದು ಹಳೆಯ ಮೈಕ್ರೋಸ್ಕೋಪ್ ಮನೆಯಲ್ಲಿದೆ. ಮಲೇರಿಯಾಕ್ಕೆ ಎಣ್ಣೆ ಹಾಕಿ ಸಾವಿರ ಪಟ್ಟು ಹಿಗ್ಗಿಸಿ ನೋಡಬೇಕು. ಇದಕ್ಕೆ ನೂರು ಪಟ್ಟೂ ಬೇಕಾಗಲಿಲ್ಲ. ಚೆಂಡಿನಂಥ ಒಂದು ಜೀವ, ಮೈತುಂಬ ಸಣ್ಣ ರೋಮ, ನಿಧಾನಕ್ಕೆ ಉರುಳುತ್ತಾ ಇದೆ. ಒಳಗೆ ಕುದುರೆ ಲಾಳದ ಆಕಾರದ ನ್ಯೂಕ್ಲಿಯಸ್. ಅದನ್ನು ಕಂಡರೆ ಬೇರೆ ಸಾಕ್ಷಿ ಬೇಡ. ಇಷ್ಟು ದೊಡ್ಡದಾದರೂ ಅದು ಒಂದೇ ಒಂದು ಜೀವಕೋಶದ ಜೀವಿ. ಮೀನು ಸಾಯುತ್ತಿದೆ ಎಂಬುದೂ ಮರೆತು ಸುಮ್ನೆ ನೋಡುತ್ತಾ ಕೂತೆ. ನಮ್ಮ ಮನೆಯವರು ಬಂದು 'ನಿಮಗೆ ರಿಟೈರ್ ಆದದ್ದು ಯಾರೂ ಹೇಳಿಲ್ವಾ' ಎಂದು ಕೇಳಿದರು.

ಕೊನೆಗೆ ಎರಡು ಲೋಚ್, ಎರಡೂ ಏಂಜೆಲ್, ಒಂದು ಮಾಲಿ ಹೋದವು. ಉಳಿದವನ್ನು ಉಳಿಸಿಕೊಂಡ ರೀತಿ ಹೇಳುತ್ತೇನೆ.

ಮೊದಲು ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಅಳೆದೆ. 'ಎರಡಡಿ ತೊಟ್ಟಿಗೆ ಐದು ಹನಿ' ಎಂಬುದು ಲೆಕ್ಕವಲ್ಲ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ ಸಾವಿರದಿಂದ ಭಾಗಿಸಿ. ನಮ್ಮದು 60, 30, 27. ಅಂದರೆ 48 ಲೀಟರ್ ಚಿಲ್ಲರೆ. ತಳದ ಕಲ್ಲು ಕಳೆದರೆ 45 ಇಟ್ಟುಕೊಳ್ಳಬಹುದು.

ಆಮೇಲೆ ಶಾಖ. ಹಾಸನದ ಜನವರಿ ರಾತ್ರಿ ನಿಮಗೆ ಗೊತ್ತು. ತೊಟ್ಟಿಯ ನೀರು ಬೆಳಗ್ಗೆ 21 ಡಿಗ್ರಿ ಇತ್ತು. ತಣ್ಣೀರಿನಲ್ಲಿ ಈ ಹುಳುವಿನ ಬದುಕು ನಿಧಾನ. 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುವ ಸುತ್ತು ಬಹಳ ತಣ್ಣಗಿದ್ದರೆ ತಿಂಗಳು ದಾಟುತ್ತದೆ. 30 ಡಿಗ್ರಿಗೆ ಬಂದರೆ ಬಹುಪಾಲು ತಳಿಗಳಿಗೆ ಮರಿ ಮಾಡುವುದೇ ಕಷ್ಟ. 100 ವ್ಯಾಟಿನ ಹೀಟರ್ ತಂದು ದಿನಕ್ಕೆ ಎರಡು ಡಿಗ್ರಿಯ ಹಾಗೆ ಏರಿಸಿದೆ. ಒಂದೇ ಸಲ ಏರಿಸಿದರೆ ಮೀನೇ ಬೇಯುತ್ತದೆ. ಹೀಟರಿನ ಮೇಲಿನ ಅಂಕಿ ನಂಬಬೇಡಿ, ಬೇರೆ ಥರ್ಮಾಮೀಟರ್ ಇಡಿ. ನಮ್ಮ ಹೀಟರ್ 30 ಅಂದಾಗ ನೀರು 28 ಇತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಿವಿರು ಹಾಳಾದ ಮೀನಿಗೆ ಅದೇ ಜಾಸ್ತಿ ಬೇಕು. ಆದ್ದರಿಂದ ಏರ್ ಪಂಪ್ ಹಗಲು ರಾತ್ರಿ ಓಡಬೇಕು. ಮೊದಲ ಎರಡು ಮೂರು ದಿನ ಚುಕ್ಕೆ ಜಾಸ್ತಿಯಾದ ಹಾಗೆ ಕಾಣಬಹುದು. ಶಾಖಕ್ಕೆ ಸುತ್ತು ಬೇಗ ತಿರುಗುತ್ತದೆ, ಅದಕ್ಕೆ. ಹೆದರಿ ನಿಲ್ಲಿಸಬೇಡಿ. ಕರೆಂಟು ಹೋದ ಎರಡು ರಾತ್ರಿ ತೊಟ್ಟಿಗೆ ಕಂಬಳಿ ಹೊದಿಸಿದ್ದೆ. ಮೇಲಿನ ಬಾಯಿ ಮಾತ್ರ ಮುಚ್ಚಲಿಲ್ಲ.

ಉಪ್ಪು. ಲೀಟರಿಗೆ ಎರಡು ಗ್ರಾಂ ಲೆಕ್ಕ, 45 ಲೀಟರಿಗೆ 90 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಕಲ್ಲುಪ್ಪು ತೂಗಿ, ಬೇರೆ ನೀರಿನಲ್ಲಿ ಕರಗಿಸಿ, ಎರಡು ಕಂತಿನಲ್ಲಿ ಹಾಕಿದೆ. ಲೋಚ್‌ಗೆ ಹುರುಪೆ ತೀರ ಸಣ್ಣ, ಉಪ್ಪೂ ಔಷಧಿಯೂ ಬೇಗ ತಾಗುತ್ತದೆ. ಅದಕ್ಕೆ ಅರ್ಧ ಹಾಕಿ ಒಂದು ದಿನ ಕಾದು ಉಳಿದದ್ದು ಹಾಕಿದೆ. ಮಾಲಿಗೆ ಉಪ್ಪು ಎಂದರೆ ಇಷ್ಟವೇ. ಇಲ್ಲಿ ಜನ ಒಂದು ತಪ್ಪು ಮಾಡುತ್ತಾರೆ. ನೀರು ಆವಿಯಾಗಿ ಇಳಿದಾಗ ಮತ್ತೆ ಉಪ್ಪು ನೀರು ಸೇರಿಸುತ್ತಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಹಾಗೆ ಇಳಿದದ್ದಕ್ಕೆ ಬರಿ ನೀರು ಸಾಕು. ನಾವೇ 10 ಲೀಟರ್ ತೆಗೆದು ಬದಲಿಸಿದರೆ ಮಾತ್ರ ಅಷ್ಟಕ್ಕೆ 20 ಗ್ರಾಂ. ಉಪ್ಪಿಗೆ ನಮ್ಮ ತೊಟ್ಟಿಯ ಗಿಡಗಳು ಅರ್ಧ ಕೊಳೆತವು. ಮೀನು ಮುಖ್ಯವೋ ಗಿಡ ಮುಖ್ಯವೋ ಎಂದು ಬಿಟ್ಟೆ.

ದಿನಾ ಪೈಪ್ ಹಾಕಿ ತಳದ ಕಸವನ್ನು ಹತ್ತು ಲೀಟರ್ ನೀರಿನ ಜೊತೆ ಎಳೆದು ಹಾಕಿದೆ. ಕೋಶ ಕಟ್ಟಿ ಕೂತವು ಇರುವುದು ಅಲ್ಲೇ. ನನ್ನನ್ನು ಕೇಳಿದರೆ ಅರ್ಧ ಔಷಧಿ ಈ ಪೈಪಿನಲ್ಲೇ ಇದೆ. ಹೇಮಾವತಿ ನೀರು ಕ್ಲೋರಿನ್ ಹಾಕಿ ನಲ್ಲಿಗೆ ಬರುತ್ತದೆ, ಹಿಂದಿನ ದಿನವೇ ಬಕೆಟ್ಟಿಗೆ ಹಿಡಿದಿಟ್ಟು, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ ಹಾಕಬೇಕು. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ. ಇಲ್ಲವಾದರೆ ನೀವು ಹಾಕಿದ ಔಷಧಿಯನ್ನು ಅದು ಕುಡಿದುಬಿಡುತ್ತದೆ. ನೀಲಿ ಔಷಧಿಯನ್ನು ನಾನು ಮತ್ತೆ ಹಾಕಲಿಲ್ಲ. ಫಿಲ್ಟರಿನಲ್ಲಿ ಮೀನಿನ ಹೊಲಸನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅದು ಕೊಲ್ಲುತ್ತದೆ.

ಐದನೇ ದಿನಕ್ಕೆ ಚುಕ್ಕೆ ಮಾಯ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ, ಅಲ್ಲಿಂದ ಮುಂದಕ್ಕೆ 14 ದಿನ ಎಣಿಸಿದೆ. ಇಕ್‌ಗೆ 10 ದಿನ ಸಾಕು ಅನ್ನುವವರೂ ಇದ್ದಾರೆ. ನನಗೆ 14ರ ಋಣ ಇತ್ತು. ಅಷ್ಟೂ ದಿನ ಶಾಖ, ಉಪ್ಪು, ಪೈಪು. ಮತ್ತೆ ಬರಲಿಲ್ಲ.

ಶಾಖ ಮತ್ತು ಉಪ್ಪಿಗೆ ಬಗ್ಗದ ತಳಿಗಳೂ ಇವೆ. ಆಗ ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಾಲಿನ್ ಸೇರಿದ ಔಷಧಿ ಬೇಕಾಗುತ್ತದೆ. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಆಟದ ಸಾಮಾನಲ್ಲ. ಮ್ಯಾಲಕೈಟ್ ಗ್ರೀನ್ ಕ್ಯಾನ್ಸರ್ ತರಬಹುದೆಂಬ ಅನುಮಾನ ಇದೆ. ತಿನ್ನುವ ಮೀನು ಸಾಕುವಲ್ಲಿ ನಮ್ಮ ದೇಶದಲ್ಲಿ ಅದನ್ನು ಬಳಸುವಂತಿಲ್ಲ. ಫಾರ್ಮಾಲಿನ್ ವಾಸನೆ ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಜನ್ಮಕ್ಕೂ ಮರೆಯದು. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಅದು ಕೆಟ್ಟಿದೆ, ಮೀನಿಗೆ ವಿಷ. ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ, ಲೋಚ್, ಸಕ್ಕರ್ ಇದ್ದರೆ ಅರ್ಧ ಪ್ರಮಾಣ. ಇಂಥದ್ದನ್ನೇ ಲೇಬಲ್ ಇಲ್ಲದ ಬಾಟಲಿಯಲ್ಲಿ ಮಾರುತ್ತಾರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ. ಮನುಷ್ಯರ ಔಷಧಿ ಅಂಗಡಿಯಲ್ಲಿ ಹೆಸರಿಲ್ಲದ ಬಾಟಲಿ ಕೊಟ್ಟರೆ ಸುಮ್ಮನಿರುತ್ತೀವಾ?

ನಮ್ಮ ತೊಟ್ಟಿಯ ಸುದ್ದಿ ಬೀದಿಯಲ್ಲಿ ಹರಡಿತು. ಅಲ್ಲಿಂದ ಈಚೆಗೆ ಹುಡುಗರು ಮೀನು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಹೀಗೆ ಬಂದವುಗಳನ್ನು ನೋಡಿ ಗೊತ್ತಾದದ್ದು, ಚುಕ್ಕೆ ಅಂದದ್ದೆಲ್ಲ ಇಕ್ ಅಲ್ಲ.

ಪಕ್ಕದ ಬೀದಿಯ ಕಾಲೇಜು ಹುಡುಗ ಒಬ್ಬ ಗಾಜಿನ ಬಟ್ಟಲಿನಲ್ಲಿ ಫೈಟರ್ ಮೀನು ತಂದ. ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದಿತ್ತು, ಊಟ ಬಿಟ್ಟಿತ್ತು. ಚುಕ್ಕೆ ಎಲ್ಲೂ ಕಾಣಲಿಲ್ಲ. ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟಾಗ ಮೈಮೇಲೆ ಅರಿಶಿನ ಉದುರಿಸಿದ ಹಾಗೆ ಚಿನ್ನದ ಹುಡಿ ಹೊಳೆಯಿತು. ಇದು ವೆಲ್ವೆಟ್. ಅದನ್ನು ತರುವುದು ಪಿಸಿನೂಡಿನಿಯಂ ಎಂಬ ಬೇರೆಯೇ ಜೀವಿ. ಇಕ್‌ಗಿಂತ ಸಣ್ಣದು, ಬೇಗ ಕೊಲ್ಲುತ್ತದೆ. ಸೋಜಿಗವೆಂದರೆ ಇದರ ಮೈಯಲ್ಲಿ ಗಿಡಗಳ ಹಾಗೆ ಹಸಿರು ಇದೆ, ಬೆಳಕಿನಿಂದಲೂ ಊಟ ಮಾಡಿಕೊಳ್ಳುತ್ತದೆ. ಹಾಗಾಗಿ ತೊಟ್ಟಿಗೆ ಬಟ್ಟೆ ಮುಚ್ಚಿ ಕತ್ತಲೆ ಮಾಡುವುದೂ ಚಿಕಿತ್ಸೆಯ ಒಂದು ಭಾಗ. ಇದಕ್ಕೆ ಹಾಕುವುದು ತಾಮ್ರದ ಔಷಧಿ. ತಾಮ್ರ ಹಾಕಿದ ತೊಟ್ಟಿಯಲ್ಲಿ ಸೀಗಡಿ, ಬಸವನಹುಳು ಉಳಿಯುವುದಿಲ್ಲ. ನೀರು ತೀರ ಮೆದುವಾಗಿದ್ದರೆ, ಅಂದರೆ ಅದರಲ್ಲಿ ಲವಣ ಕಡಿಮೆ ಇದ್ದರೆ, ಮೀನಿಗೂ ಕಷ್ಟ.

ಇನ್ನೊಬ್ಬರ ಮನೆಯ ಗೋಲ್ಡ್ ಫಿಶ್‌ಗೆ ಬಿಳಿ ಗುಳ್ಳೆ. ಒಂದು ದೊಡ್ಡದು, ಒಂದು ಚಿಕ್ಕದು, ಮೇಲಕ್ಕೆ ಎದ್ದು ನಿಂತಿದ್ದವು. ರವೆಯ ಹಾಗಲ್ಲ, ಸರಿಯಾಗಿ ಒಡೆಯದ ಅಕ್ಕಿ ನುಚ್ಚಿನ ಹಾಗೆ. ನನ್ನ ಕಥೆ ಕೇಳಿ ಅವರು ಹೀಟರ್ ಹಾಕಿದ್ದರು. ದಿನೇ ದಿನೇ ಜಾಸ್ತಿಯಾಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೊಂಬೆ ಕೊಂಬೆಗೆ ಗಂಟೆ ಕಟ್ಟಿದ ಹಾಗಿತ್ತು. ಇದು ಎಪಿಸ್ಟೈಲಿಸ್. ನೀರು ಹೊಲಸಾದರೆ ಬರುವಂಥದ್ದು, ಶಾಖಕ್ಕೆ ಕೆರಳುತ್ತದೆ. ಹೀಟರ್ ತೆಗೆಸಿ, ದಿನಾ ನೀರು ಬದಲಿಸಲು ಹೇಳಿದೆ, ಉಪ್ಪು ಹಾಕಿದರು. ವಾಸಿಯಾಯಿತು. ನನ್ನ ಮದ್ದೇ ಇನ್ನೊಂದು ಮೀನಿಗೆ ಮುಳುವಾಗುವುದರಲ್ಲಿತ್ತು. ಅದಕ್ಕೇ ಹೇಳುವುದು, ಮೊದಲು ನೋಡಿ, ಆಮೇಲೆ ಹಾಕಿ.

ಹೂಕೋಸಿನಂಥ ಗಂಟು ರೆಕ್ಕೆಯ ಅಂಚಿನಲ್ಲಿ ಬಂದರೆ ಅದು ವೈರಸ್ಸು, ಲಿಂಫೋಸಿಸ್ಟಿಸ್. ಯಾವ ಔಷಧಿಯೂ ಇಲ್ಲ, ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಹತ್ತಿ ಅಂಟಿದಂತಿದ್ದರೆ ಬೂಸ್ಟು. ಸಮುದ್ರದ ಮೀನಿನ ಬಿಳಿ ಚುಕ್ಕೆ ಮತ್ತೆ ಬೇರೆ ಹುಳು, ನಾನು ಹೇಳಿದ ಉಪ್ಪಿನ ಲೆಕ್ಕ ಅಲ್ಲಿ ನಡೆಯದು.

ಒಬ್ಬರಂತೂ ಆರೋಗ್ಯವಾಗಿದ್ದ ಗೋಲ್ಡ್ ಫಿಶ್‌ಗೆ ಎರಡು ತಿಂಗಳು ಔಷಧಿ ಹಾಕಿದ್ದರು. ಕಿವಿರಿನ ಮುಚ್ಚಳದ ಮೇಲೆ, ಎದೆಯ ಪಕ್ಕದ ರೆಕ್ಕೆಗಳ ಮುಂದಿನ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆ. ಬೇರೆಲ್ಲೂ ಇಲ್ಲ. ಮೀನು ಚುರುಕಾಗಿ ಇನ್ನೊಂದರ ಹಿಂದೆ ಬಿದ್ದಿತ್ತು. 'ಸ್ವಾಮಿ, ಇದು ಕಾಯಿಲೆ ಅಲ್ಲ, ಪ್ರಾಯ' ಎಂದೆ. ಗಂಡು ಗೋಲ್ಡ್ ಫಿಶ್‌ಗೆ ಬೆದೆಯ ಕಾಲದಲ್ಲಿ ಹಾಗೆ ಬರುತ್ತದೆ. ಅವರು ನಾಚಿಕೊಂಡು ಬಾಟಲಿ ಇಲ್ಲೇ ಬಿಟ್ಟು ಹೋದರು.

ಕಪ್ಪು ಚುಕ್ಕೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೇಸು. ಆರನೇ ಕ್ಲಾಸಿನ ಹುಡುಗ ಕೆರೆಯಲ್ಲಿ ಟವೆಲ್ ಹಾಕಿ ಹಿಡಿದ ಮೀನುಮರಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದ. ಮೈಮೇಲೆ ಕರಿ ಎಳ್ಳು ಚೆಲ್ಲಿದ ಹಾಗಿತ್ತು. ಅದು ಒಂದು ಚಪ್ಪಟೆ ಹುಳುವಿನ ಮರಿ. ಹುಳು ದೊಡ್ಡದಾಗಿ ಬಾಳುವುದು ಮೀನು ತಿನ್ನುವ ಬಕಪಕ್ಷಿಯಂಥವುಗಳ ಹೊಟ್ಟೆಯಲ್ಲಿ. ಹಕ್ಕಿಯ ಹಿಕ್ಕೆಯಿಂದ ಮೊಟ್ಟೆ ನೀರಿಗೆ, ಅಲ್ಲಿಂದ ಬಸವನಹುಳುವಿನೊಳಕ್ಕೆ, ಅಲ್ಲಿಂದ ಮೀನಿನ ಚರ್ಮಕ್ಕೆ. ಅಲ್ಲಿ ಮುದುರಿ ಕೂತು ಬಕ ಬಂದು ಮೀನು ನುಂಗಲಿ ಎಂದು ಕಾಯುತ್ತದೆ. ಕಪ್ಪು ಬಣ್ಣ ಹುಳುವಿನದಲ್ಲ, ಮೀನಿನ ಮೈಯೇ ಅದರ ಸುತ್ತ ಕಟ್ಟಿದ ಗೋಡೆ. 'ಹಾಗಾದ್ರೆ ನಮ್ಮನೇಲಿ ಬಕ ಇಲ್ವಲ್ಲ ತಾತ' ಎಂದ ಹುಡುಗ. ಸರಿಯಾಗಿ ಹೇಳಿದ. ಮನೆಯ ತೊಟ್ಟಿಯಲ್ಲಿ ಬಕ ಇಲ್ಲ, ಹಾಗಾಗಿ ಆ ಸುತ್ತು ಅಲ್ಲಿಗೇ ನಿಲ್ಲುತ್ತದೆ. ಬೇರೆ ಮೀನಿಗೆ ಹರಡುವುದಿಲ್ಲ. ಔಷಧಿಯೂ ಬೇಕಿಲ್ಲ.

ಅಂಗಡಿಯವರು ಹೇಳುವ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 'ಇಕ್ ಎಲ್ಲ ನೀರಲ್ಲೂ ಇರುತ್ತೆ ಸಾರ್, ಚಳಿ ಬಂದ್ರೆ ಎದ್ದೇಳುತ್ತೆ' ಎನ್ನುತ್ತಾರೆ. ಮೀನಿಲ್ಲದೆ ಇದು ಬದುಕುವುದಿಲ್ಲ. ನಲ್ಲಿ ನೀರಿನಿಂದ ಹುಟ್ಟುವುದಿಲ್ಲ. ಹೊಸ ಮೀನಿನ ಮೈಯಲ್ಲೋ, ಕಿವಿರಿನಲ್ಲೋ, ಕವರಿನ ನೀರಿನಲ್ಲೋ, ಗಿಡದ ಎಲೆಯಲ್ಲೋ, ಒದ್ದೆ ಬಲೆಯಲ್ಲೋ ಒಳಗೆ ಬರುತ್ತದೆ. ಹಿಂದೊಮ್ಮೆ ರೋಗ ಬಂದು ಬದುಕಿದ ಮೀನಿಗೆ ಸ್ವಲ್ಪ ತಡೆಯುವ ಶಕ್ತಿ ಬಂದಿರುತ್ತದೆ. ಅದರ ಕಿವಿರಿನಲ್ಲಿ ಎರಡು ಮೂರು ಉಳಿದು ಗುಟ್ಟಾಗಿ ನಡೆಯುತ್ತಿರಬಹುದು. ಚಳಿ ಬಿದ್ದು ಮೀನು ಸೋತಾಗ ಮೇಲೇಳುತ್ತದೆ. ಚಳಿ ಬಾಗಿಲು ತೆಗೆಯುತ್ತದೆ, ನಿಜ. ಕಳ್ಳನನ್ನು ಕರೆತರುವುದು ನಾವೇ.

ಈಗ ನಮ್ಮ ಮನೆಯಲ್ಲಿ ಹೊಸ ಮೀನು ಬಂದರೆ ಮೊದಲು ವಾಸ 20 ಲೀಟರಿನ ಬಕೆಟ್ಟಿನಲ್ಲಿ, ಸ್ಪಂಜ್ ಫಿಲ್ಟರ್ ಹಾಕಿ. ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ನಾಲ್ಕು. ಬಕೆಟ್ಟಿಗೆ ಬೇರೆ ಬಲೆ. ಬಲೆಯನ್ನು ತೊಳೆದು ಬಿಸಿಲಿಗೆ ಹಾಕಿದರೆ ಸಾಕು, ಒಣಗಿದ ಕಡೆ ಈ ಹುಳು ಉಳಿಯದು. ಕವರಿನ ನೀರು ಬಚ್ಚಲಿಗೆ. ಸ್ನಾನದ ಮನೆಯಲ್ಲಿ ಮೀನು ಸಾಕಿದ್ದಾರೆ ಎಂದು ನೆಂಟರು ನಗುತ್ತಾರೆ. ನಗಲಿ.

ಸಂಪಾದಕರೇ, ನಿಮ್ಮ ಮೂಲಕ ಎರಡು ಮಾತು ಕೇಳುತ್ತೇನೆ. ಅಂಗಡಿಯವರು ಮಾರುವ ಬಾಟಲಿಯ ಮೇಲೆ ಒಳಗೇನಿದೆ, ಲೀಟರಿಗೆ ಎಷ್ಟು, ಎಷ್ಟು ದಿನ ಎಂಬ ಮೂರು ಸಾಲು ಕನ್ನಡದಲ್ಲಿ ಇರಲಿ. ಇನ್ನು, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ಅಲ್ಲಿ ಓದಿದವರು ಮೀನುಗಾರಿಕೆ ಇಲಾಖೆಯಲ್ಲೂ ಇದ್ದಾರೆ. ಇಂಥ ನಾಲ್ಕಾರು ಚುಕ್ಕೆಗಳ ಬಣ್ಣದ ಫೋಟೋ ಇರುವ ಒಂದೇ ಹಾಳೆ ಮಾಡಿ ಅಂಗಡಿಗಳ ಗೋಡೆಗೆ ಅಂಟಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಮಲೇರಿಯಾಕ್ಕೆ ನಾವು ಹಳ್ಳಿಹಳ್ಳಿಯ ಗೋಡೆಗೆ ಬರೆಸಿದ್ದೆವಲ್ಲ, ಹಾಗೆ.

ಅಲ್ಲಿಯವರೆಗೆ ನಮ್ಮ ಬೀದಿಯ ಹುಡುಗರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದರೆ ಬದುಕಿರುವ ಮೀನನ್ನೇ ತನ್ನಿ, ಅದರ ತೊಟ್ಟಿಯ ನೀರಿನಲ್ಲೇ ತನ್ನಿ, ಬೆಳಗ್ಗೆಯೇ ತನ್ನಿ. ಸತ್ತು ಬಹಳ ಹೊತ್ತಾದ ಮೀನು ತಂದರೆ ಪ್ರಯೋಜನವಿಲ್ಲ. ಹುಳು ಅಷ್ಟರಲ್ಲಿ ಮೈ ಬಿಟ್ಟು ಇಳಿದು ಹೋಗಿರುತ್ತದೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಹಾಸನ